ಒಂದೊಂದಾಗಿ ಬದಲಿಸಿದರೆ ಕಣ್ಣಿಗೆ ಬೀಳದ್ದು: ರಾಸಾಯನಿಕ ತಯಾರಿಕೆಯಲ್ಲಿ ಪ್ರಯೋಗ ವಿನ್ಯಾಸ

ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಮದ್ದು ಬಿಟ್ಟು ಮುಗಿಸಬೇಕು. ಬದಿಯಡ್ಕದ ಹತ್ತಿರ ತಂಗಿಯ ಮನೆಯಂಗಳದಲ್ಲಿ ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕ ನಿಂತಿದ್ದೆ. ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ ಅವಳ ಮಗಳು ಮಂಗಳೂರಲ್ಲಿ ಇಂಟರ್‌ವ್ಯೂ ಮುಗಿಸಿ ಆಗಷ್ಟೇ ಬಸ್ಸಿಳಿದು ಬಂದವಳು, ಹೆಗಲ ಚೀಲವನ್ನೂ ಇಳಿಸದೆ ಕೇಳಿದಳು: "ಮಾವ, ಡಿಒಇ ಅಂದ್ರೆ ಎಂತ? ಎರಡು ಸಲ ಕೇಳಿದರು. ಸ್ಟ್ಯಾಟಿಸ್ಟಿಕ್ಸ್‌ಗೆ ಸಂಬಂಧಪಟ್ಟದ್ದು ಅಂತ ಹೇಳಿ ಸುಮ್ಮನಾದೆ."

ಕಾಸರಗೋಡಿನ ಕಡೆಯಿಂದ ಕೆಮಿಸ್ಟ್ರಿ ಓದಿದ ಮಕ್ಕಳು ಕೆಲಸ ಹುಡುಕಿಕೊಂಡು ಹೋಗುವುದು ಮಂಗಳೂರು, ಬೆಂಗಳೂರು, ಹೈದರಾಬಾದಿಗೆ. ಅಲ್ಲಿನ ಔಷಧ ಮತ್ತು ರಾಸಾಯನಿಕ ಕಂಪನಿಗಳ ಪ್ರೊಸೆಸ್ ಡೆವಲಪ್‌ಮೆಂಟ್ ವಿಭಾಗದಲ್ಲಿ ಈ ಪ್ರಶ್ನೆ ಈಗ ಬಂದೇ ಬರುತ್ತದೆ. ತರಗತಿಯಲ್ಲಿ ರಿಯಾಕ್ಷನ್ ಹೇಗೆ ನಡೆಯುತ್ತದೆ ಎಂದು ಕಲಿಸಿರುತ್ತಾರೆ. ಯಾವ ಪ್ರಯೋಗವನ್ನು, ಎಷ್ಟು ಸಲ, ಯಾವ ಸರದಿಯಲ್ಲಿ ಮಾಡಬೇಕೆಂದು ಕಲಿತವರು ಕಡಿಮೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ ಮಾಡಿದವನಾಗಿ, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡ್ರಮ್ಮಿನ ಎದುರು ನಾಲ್ಕು ಪದ

ಬೋರ್ಡೋ ದ್ರಾವಣ ನಮ್ಮ ಅಂಗಳದಲ್ಲೇ ನಡೆಯುವ ರಾಸಾಯನಿಕ ತಯಾರಿಕೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತು (ತಾಮ್ರದ ಲವಣ, ಕಾಪರ್ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಆಮೇಲೆ ಬ್ಲೇಡಿನ ಪರೀಕ್ಷೆ. ಹೊಳೆಯುವ ಹೊಸ ಬ್ಲೇಡನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಇನ್ನೂ ನೀರಿನಲ್ಲಿ ಕರಗಿಯೇ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಲೆ, ಹಿಂಗಾರ ಸುಟ್ಟುಹೋದೀತು.

ಇಲ್ಲಿ ಸುಣ್ಣದ ಪ್ರಮಾಣ, ಸುರಿಯುವ ವೇಗ, ನೀರು ಎಷ್ಟು ಎನ್ನುವುದೆಲ್ಲ ನಮ್ಮ ಕೈಯಲ್ಲಿರುವ ಸಂಗತಿಗಳು. ಇಂಥವಕ್ಕೆ ಫ್ಯಾಕ್ಟರ್ ಎನ್ನುತ್ತಾರೆ. ಒಂದು ಫ್ಯಾಕ್ಟರನ್ನು ಯಾವ ಯಾವ ಮಟ್ಟದಲ್ಲಿಟ್ಟು ನೋಡುತ್ತೇವೋ, ಉದಾಹರಣೆಗೆ ಸುಣ್ಣ 800 ಗ್ರಾಂ ಅಥವಾ 1 ಕಿಲೊ, ಅದು ಲೆವೆಲ್. ಕೊನೆಗೆ ಅಳೆಯುವುದು ರೆಸ್ಪಾನ್ಸ್: ಇಲ್ಲಿ ಬ್ಲೇಡಿನ ಬಣ್ಣ, ಕಾರ್ಖಾನೆಯಲ್ಲಾದರೆ ಇಳುವರಿ ಅಥವಾ ಶುದ್ಧತೆ. ಎಲ್ಲ ಫ್ಯಾಕ್ಟರುಗಳನ್ನೂ ಒಂದೊಂದು ಲೆವೆಲ್‌ಗೆ ನಿಲ್ಲಿಸಿ ಒಮ್ಮೆ ಮಾಡಿದ ತಯಾರಿ ಒಂದು ರನ್.

ಡಿಒಇ ಎಂದರೆ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್, ನಮ್ಮ ಮಾತಿನಲ್ಲಿ ಪ್ರಯೋಗ ವಿನ್ಯಾಸ. ಯಾವ ರನ್‌ಗಳನ್ನು ಮಾಡಿದರೆ ಕಡಿಮೆ ಖರ್ಚಿನಲ್ಲಿ ನಂಬಬಹುದಾದ ಉತ್ತರ ಸಿಕ್ಕೀತು ಎಂದು ಕೆಲಸಕ್ಕೆ ಕೈಹಾಕುವ ಮೊದಲೇ ಲೆಕ್ಕಹಾಕಿ ಗೊತ್ತುಮಾಡುವುದು.

ಒಂದನ್ನೇ ಬದಲಿಸಿ ನೋಡಿದರೆ ತಪ್ಪೇನು?

ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೇ ಇಡು ಎಂಬುದು. ಕೇಳಲು ಸರಿಯಾಗಿಯೇ ಇದೆ. ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಮ್ಮೂರಿನ ಇನ್ನೊಂದು ವಸ್ತುವಿನ ಮೂಲಕ ನೋಡೋಣ.

ಗೇರುಬೀಜದ ಸಿಪ್ಪೆಯಲ್ಲಿ ಕೈ ಸುಡುವ ಎಣ್ಣೆ ಇರುತ್ತದೆ. ಅದರ ಮುಖ್ಯ ಭಾಗ ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಅದು ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಬಣ್ಣ, ರಾಳ, ವಾಹನಗಳ ಬ್ರೇಕಿನ ಲೈನಿಂಗ್‌ಗೆ ಬೇಕಾಗುವ ಸರಕು ಇದು. ಸಾಕಷ್ಟು ಕಾಯಿಸದಿದ್ದರೆ ಆಮ್ಲ ಹಾಗೇ ಉಳಿಯುತ್ತದೆ. ಮಿತಿಮೀರಿ ಕಾಯಿಸಿದರೆ ಅಣುಗಳು ಒಂದಕ್ಕೊಂದು ಕೂಡಿಕೊಂಡು ಎಣ್ಣೆ ಅಂಟಂಟಾಗುತ್ತದೆ.

ಫ್ಯಾಕ್ಟರ್ ಎರಡೇ ಇರಲಿ: ಬಿಸಿ 140 ಅಥವಾ 160 ಡಿಗ್ರಿ, ಸಮಯ 1 ಅಥವಾ 3 ಗಂಟೆ. ಇಳುವರಿ ಹೀಗೆ ಬಂತು ಎಂದಿಟ್ಟುಕೊಳ್ಳೋಣ. ಇವು ಲೆಕ್ಕ ಕಲಿಯಲಿಕ್ಕೆಂದು ನಾನು ಇಟ್ಟ ಅಂಕಿಗಳು, ಯಾವ ಕಾರ್ಖಾನೆಯವೂ ಅಲ್ಲ.

140 ಡಿಗ್ರಿ, 1 ಗಂಟೆ: ಶೇ. 60
140 ಡಿಗ್ರಿ, 3 ಗಂಟೆ: ಶೇ. 72
160 ಡಿಗ್ರಿ, 1 ಗಂಟೆ: ಶೇ. 80
160 ಡಿಗ್ರಿ, 3 ಗಂಟೆ: ಶೇ. 68

ಒಂದೊಂದಾಗಿ ಬದಲಿಸುವವನು ಮೊದಲ ಸಾಲಿನಿಂದ ಹೊರಡುತ್ತಾನೆ. 60 ಬಂತು. ಬಿಸಿ ಮುಟ್ಟದೆ ಸಮಯ ಹೆಚ್ಚಿಸುತ್ತಾನೆ, 72 ಬಂತು. ಒಳ್ಳೆಯದು, ಇನ್ನು ಮೂರು ಗಂಟೆಯೇ ಇರಲಿ ಎಂದು ಗಟ್ಟಿ ಮಾಡಿಕೊಂಡು ಬಿಸಿ ಏರಿಸುತ್ತಾನೆ. 68ಕ್ಕೆ ಇಳಿಯಿತು. ಬಿಸಿ ಏರಿಸುವುದು ನಷ್ಟ, 140 ಡಿಗ್ರಿ 3 ಗಂಟೆಯೇ ಸರಿ ಎಂದು ವರದಿ ಬರೆದು ಸಹಿ ಹಾಕುತ್ತಾನೆ. ಶೇ. 80 ಕೊಡುವ ಮೂಲೆಗೆ ಅವನು ಹೋಗಲೇ ಇಲ್ಲ. ಅವನು ಕೆಲಸದಲ್ಲಿ ಸೋಮಾರಿಯಲ್ಲ, ಅಳತೆಯಲ್ಲೂ ತಪ್ಪಿಲ್ಲ. ಅವನು ಹಿಡಿದ ದಾರಿ ಆ ಮೂಲೆಯನ್ನು ದಾಟಿ ಹೋಗುವುದಿಲ್ಲ, ಅಷ್ಟೇ.

ನಾಲ್ಕು ಮೂಲೆಗಳ ಲೆಕ್ಕ

ನಾಲ್ಕೂ ಜೋಡಣೆಗಳನ್ನು ಮಾಡಿ ನೋಡುವುದಕ್ಕೆ ಫುಲ್ ಫ್ಯಾಕ್ಟೋರಿಯಲ್ ಎಂದು ಹೆಸರು. ಒಂದು ಚೌಕದ ನಾಲ್ಕು ಮೂಲೆಗಳು ಎಂದುಕೊಳ್ಳಿ. ಈಗ ಪೆನ್ನು ಹಿಡಿದು ಲೆಕ್ಕ ಮಾಡಬೇಕು. ದಯವಿಟ್ಟು ಇದನ್ನು ಹಾರಿಸಿಕೊಂಡು ಹೋಗಬೇಡಿ.

ಬಿಸಿಯ ಪರಿಣಾಮ: 160 ಡಿಗ್ರಿಯ ಎರಡು ರನ್‌ಗಳ ಸರಾಸರಿ 74, 140ರ ಸರಾಸರಿ 66. ವ್ಯತ್ಯಾಸ 8. ಬಿಸಿ ಏರಿಸಿದರೆ ಒಟ್ಟಿನ ಮೇಲೆ 8 ಅಂಶ ಲಾಭ.

ಸಮಯದ ಪರಿಣಾಮ: 3 ಗಂಟೆಯವುಗಳ ಸರಾಸರಿ 70, 1 ಗಂಟೆಯವುಗಳ ಸರಾಸರಿಯೂ 70. ವ್ಯತ್ಯಾಸ ಸೊನ್ನೆ.

ಹಾಗಾದರೆ ಸಮಯಕ್ಕೆ ಬೆಲೆಯೇ ಇಲ್ಲವೆ? ಪಟ್ಟಿಯನ್ನು ಇನ್ನೊಮ್ಮೆ ನೋಡಿ. 140 ಡಿಗ್ರಿಯಲ್ಲಿ ಸಮಯ ಹೆಚ್ಚಿಸಿದರೆ 12 ಏರುತ್ತದೆ. 160ರಲ್ಲಿ ಹೆಚ್ಚಿಸಿದರೆ 12 ಇಳಿಯುತ್ತದೆ. ಎರಡೂ ಸೇರಿ ಒಂದನ್ನೊಂದು ತಿಂದುಹಾಕಿವೆ. ಒಂದು ಫ್ಯಾಕ್ಟರಿನ ಪರಿಣಾಮ ಇನ್ನೊಂದು ಎಲ್ಲಿ ನಿಂತಿದೆ ಎಂಬುದರ ಮೇಲೆ ನಿಂತಿದ್ದರೆ ಅದಕ್ಕೆ ಇಂಟರಾಕ್ಷನ್ ಎನ್ನುತ್ತಾರೆ. ಲೆಕ್ಕ ಸುಲಭ: ಬಿಸಿ ಹೆಚ್ಚಿದ್ದಾಗಿನ ಸಮಯದ ಪರಿಣಾಮದಿಂದ ಬಿಸಿ ಕಡಿಮೆ ಇದ್ದಾಗಿನದನ್ನು ಕಳೆದು ಎರಡರಿಂದ ಭಾಗಿಸಬೇಕು. ಮೈನಸ್ 12ರಿಂದ 12 ಕಳೆದರೆ ಮೈನಸ್ 24, ಅದರ ಅರ್ಧ ಮೈನಸ್ 12. ಈ ತಯಾರಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿಯೇ ಈ ಇಂಟರಾಕ್ಷನ್. ಒಂದೊಂದಾಗಿ ಬದಲಿಸಿದವನಿಗೆ ಇದು ಇದೆ ಎಂಬ ಸುಳಿವೂ ಸಿಕ್ಕಿರಲಿಲ್ಲ.

ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದೆ. ದೋಸೆಹಿಟ್ಟನ್ನು ಎಷ್ಟು ಗಂಟೆ ಇಡಬೇಕು ಎಂದು ಕೇಳಿದರೆ ಅಮ್ಮ ತಿರುಗಿ ಕೇಳುವುದು, "ಸೆಕೆಯೋ ಚಳಿಯೋ?" ಏಪ್ರಿಲ್‌ನ ಕುಂಬಳೆಯಲ್ಲಿ ಹುಳಿಯಾಗಿ ಹೋಗುವ ಹಿಟ್ಟು ಡಿಸೆಂಬರಿನ ಬೆಂಗಳೂರಿನಲ್ಲಿ ಅಷ್ಟೇ ಹೊತ್ತಿಗೆ ಉಬ್ಬಿರುವುದೇ ಇಲ್ಲ.

ಇನ್ನೊಂದು ಲಾಭವೂ ಇದೆ. ಬಿಸಿಯ ಪರಿಣಾಮ ಲೆಕ್ಕಹಾಕಲು ನಾಲ್ಕೂ ರನ್ ಬಳಸಿದೆವು, ಸಮಯಕ್ಕೂ ಅದೇ ನಾಲ್ಕು. ಪ್ರತಿ ರನ್ನೂ ಎಲ್ಲ ಪ್ರಶ್ನೆಗಳಿಗೂ ಒಟ್ಟಿಗೇ ದುಡಿಯುತ್ತದೆ.

ನಾನು ಇದನ್ನು ಕಷ್ಟಪಟ್ಟೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಬೇಡದ ಕಲ್ಮಶವೊಂದನ್ನು ತಗ್ಗಿಸುವ ಕೆಲಸ ಕೊಟ್ಟಿದ್ದರು. ಕಲಕುವ ವೇಗ ಬದಲಿಸಿ ನೋಡಿದೆ, ವ್ಯತ್ಯಾಸವಿಲ್ಲ. ಅದನ್ನು ಪಟ್ಟಿಯಿಂದ ತೆಗೆದು ಎರಡು ತಿಂಗಳು ಬೇರೆಲ್ಲವನ್ನೂ ಹುಡುಕಿದೆ. ನಾನು ಆಮ್ಲವನ್ನು ಹನಿಹನಿಯಾಗಿ ಬಿಡುತ್ತಿದ್ದೆ. ನಿಧಾನ ಬಿಟ್ಟಾಗ ಕಲಕುವ ವೇಗ ಎಷ್ಟಿದ್ದರೂ ನಡೆಯುತ್ತಿತ್ತು. ದೊಡ್ಡ ರಿಯಾಕ್ಟರಿನಲ್ಲಿ ಬೇಗ ಬಿಟ್ಟಾಗ ಅದೇ ವೇಗ ಕಲ್ಮಶವನ್ನು ನಿರ್ಧರಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಬದಲಿಸಿದ ನಾಲ್ಕು ರನ್‌ಗಳಲ್ಲಿ, ಅಂದರೆ ಎರಡು ದಿನದಲ್ಲಿ, ತಿಳಿಯಬಹುದಾಗಿದ್ದ ವಿಷಯ.

ಫ್ಯಾಕ್ಟರ್ ಏಳಾದರೆ?

ಎರಡು ಲೆವೆಲ್‌ನ ಎರಡು ಫ್ಯಾಕ್ಟರಿಗೆ 4 ರನ್, ಮೂರಕ್ಕೆ 8, ನಾಲ್ಕಕ್ಕೆ 16. ಏಳಾದರೆ 128. ದಿನಕ್ಕೊಂದು ಮಾಡಿದರೂ ನಾಲ್ಕು ತಿಂಗಳು ದಾಟುತ್ತದೆ. ಆದ್ದರಿಂದ ಎಲ್ಲ ಜೋಡಣೆಗಳ ಬದಲು ಜಾಣತನದಿಂದ ಆರಿಸಿದ ಒಂದು ಭಾಗವನ್ನು ಮಾತ್ರ ಮಾಡುತ್ತಾರೆ. ಇದು ಫ್ರಾಕ್ಷನಲ್ ಫ್ಯಾಕ್ಟೋರಿಯಲ್. ಏಳು ಫ್ಯಾಕ್ಟರನ್ನು ಎಂಟೇ ರನ್‌ಗಳಲ್ಲಿ ಜರಡಿ ಹಿಡಿಯಬಹುದು. 1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ತೋರಿಸಿಕೊಟ್ಟ ವಿನ್ಯಾಸದಲ್ಲಿ 12 ರನ್‌ಗೆ 11 ಫ್ಯಾಕ್ಟರ್ ಹಿಡಿಸುತ್ತವೆ.

ಈ ಆಯ್ಕೆಯ ಹಿಂದಿನ ಗಣಿತದಲ್ಲಿ ನಮ್ಮ ಕಡೆಯ ಹೆಸರೊಂದಿದೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದಾಗ, 1940ರ ದಶಕದಲ್ಲಿ, ಆರ್ಥಾಗೊನಲ್ ಅರೇ ಎಂಬ ಕೋಷ್ಟಕಗಳನ್ನು ರೂಪಿಸಿದರು. ಮುಂದೆ ಜಪಾನಿನ ಟಗೂಚಿ ಇಂಥ ಕೋಷ್ಟಕಗಳನ್ನೇ ಕಾರ್ಖಾನೆಗಳಲ್ಲಿ ಬಳಕೆಗೆ ತಂದರು. ರಾವ್ 2023ರಲ್ಲಿ ತೀರಿಕೊಂಡರು. ಅವರ ಕೋಷ್ಟಕಗಳು ಇಂದಿನ ಸಾಫ್ಟ್‌ವೇರುಗಳ ಒಳಗೆ ದುಡಿಯುತ್ತಲೇ ಇವೆ.

ಕಡಿಮೆ ರನ್ ಮಾಡಿದ್ದಕ್ಕೆ ಬೆಲೆ ಕೊಡಲೇಬೇಕು. ನಮ್ಮ ಗೇರು ಎಣ್ಣೆಗೆ ಮೂರನೆಯ ಫ್ಯಾಕ್ಟರಾಗಿ ಕಲಕುವ ವೇಗ ಸೇರಿಸಿ, ಆದರೆ ನಾಲ್ಕೇ ರನ್ ಮಾಡುತ್ತೇವೆ ಎನ್ನೋಣ. ಬಿಸಿ, ಸಮಯ ಎರಡೂ ಕಡಿಮೆ ಅಥವಾ ಎರಡೂ ಹೆಚ್ಚು ಇದ್ದಾಗ ವೇಗ ಹೆಚ್ಚು. ಒಂದು ಹೆಚ್ಚು ಒಂದು ಕಡಿಮೆ ಇದ್ದಾಗ ವೇಗ ಕಡಿಮೆ. ಕಲಕುವ ವೇಗದಿಂದ ನಿಜಕ್ಕೂ ಏನೂ ಆಗುವುದಿಲ್ಲ ಎಂದಿಟ್ಟುಕೊಂಡು ಲೆಕ್ಕ ಹಾಕಿ. ವೇಗ ಹೆಚ್ಚಿದ್ದಾಗಿನ ಸರಾಸರಿ 60 ಮತ್ತು 68ರದ್ದು, ಅಂದರೆ 64. ಕಡಿಮೆ ಇದ್ದಾಗಿನದು 72 ಮತ್ತು 80ರದ್ದು, ಅಂದರೆ 76. ಜೋರಾಗಿ ಕಲಕಿದರೆ 12 ನಷ್ಟ ಎಂದು ಕಾಗದ ಹೇಳುತ್ತದೆ! ಬಿಸಿ ಮತ್ತು ಸಮಯದ ಇಂಟರಾಕ್ಷನ್ ಕಲಕುವ ವೇಗದ ವೇಷ ಕಟ್ಟಿಕೊಂಡು ರಂಗಕ್ಕೆ ಬಂದಿದೆ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಯಾವುದು ಯಾವುದರ ವೇಷದಲ್ಲಿ ಬರಬಹುದು ಎಂಬ ಪಟ್ಟಿಯನ್ನು ಸಾಫ್ಟ್‌ವೇರ್ ಮೊದಲೇ ಕೊಡುತ್ತದೆ. ಪ್ರಯೋಗಕ್ಕಿಳಿಯುವ ಮೊದಲು ಅದನ್ನು ಓದಿಕೊಳ್ಳಬೇಕು. ಸಂಶಯ ಬಂದರೆ ಉಳಿದ ನಾಲ್ಕು ರನ್‌ಗಳನ್ನೂ ಮಾಡಿದರೆ ವೇಷ ಕಳಚುತ್ತದೆ.

ತೋಟದಿಂದ ಲ್ಯಾಬಿಗೆ ಬಂದ ಮೂರು ಅಭ್ಯಾಸ

ಈ ಶಾಸ್ತ್ರ ಹುಟ್ಟಿದ್ದು ಹೊಲದಲ್ಲಿ. ಆರ್. ಎ. ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಅವರ ಮುಂದಿದ್ದುದು ಗೊಬ್ಬರದ ಪ್ರಶ್ನೆ. ಒಂದು ತುಂಡು ನೆಲದಲ್ಲಿ ಇಳುವರಿ ಹೆಚ್ಚು ಬಂದರೆ ಅದು ಗೊಬ್ಬರದ ಗುಣವೋ, ನೆಲದ ಗುಣವೋ?

ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಬದಿಯ ಸಾಲಿಗೂ ತೋಡಿನ ಬದಿಯ ಸಾಲಿಗೂ ತೇವ ಬೇರೆ, ಮಣ್ಣು ಬೇರೆ. ಹೊಸ ಗೊಬ್ಬರವನ್ನೆಲ್ಲ ತೋಡಿನ ಬದಿಗೇ ಹಾಕಿದರೆ ಉತ್ತರ ಕೆಟ್ಟಿತು. ತೋಟವನ್ನು ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಬದಿಗೊಂದು ತೋಡಿನ ಬದಿಗೊಂದು ಎಂಬಂತೆ ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ಗೊಬ್ಬರಗಳನ್ನು ಹಾಕಿ ನೋಡಬೇಕು. ಇದು ಬ್ಲಾಕಿಂಗ್. 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಇಂದಿನ ಸಿಪಿಸಿಆರ್‌ಐನಂಥ ಸಂಸ್ಥೆಗಳ ಪ್ರಯೋಗ ತಾಕುಗಳ ಹಿಂದಿರುವುದು ಇದೇ ತರ್ಕ. ಲ್ಯಾಬಿನಲ್ಲಿ ಗುಡ್ಡ, ತೋಡಿನ ಬದಲು ಕಚ್ಚಾವಸ್ತುವಿನ ಹಳೆ ಡ್ರಮ್ಮು, ಹೊಸ ಡ್ರಮ್ಮು.

ಎರಡನೆಯದು ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುವುದು. 140ರ ರನ್‌ಗಳನ್ನೆಲ್ಲ ಸೋಮವಾರ, 160ರವನ್ನೆಲ್ಲ ಗುರುವಾರ ಮಾಡುವುದು ಅನುಕೂಲ. ಆದರೆ ಈ ನಡುವೆ ಮಳೆಗಾಲದ ತೇವವನ್ನು ಬಾಟಲಿಯೊಳಗಿನ ಪುಡಿ ಹೀರಿಕೊಂಡಿದ್ದರೆ, ಅದರ ಪರಿಣಾಮವನ್ನೂ ನಾವು ಬಿಸಿಯ ಖಾತೆಗೆ ಬರೆಯುತ್ತೇವೆ. ನಮಗೆ ಗೊತ್ತಿಲ್ಲದ ಕಾರಣಗಳು ಒಂದೇ ಕಡೆ ಗುಂಪುಗೂಡದಂತೆ ಚೀಟಿ ನೋಡಿಕೊಳ್ಳುತ್ತದೆ.

ಮೂರನೆಯದು ಮರುಮಾಡುವುದು. ಒಂದೇ ಪಾತ್ರೆಯ ಪಾಯಸವನ್ನು ಮೂರು ಸಲ ರುಚಿ ನೋಡುವುದು ಬೇರೆ, ಮೂರು ಸಲ ಪಾಯಸ ಮಾಡಿ ರುಚಿ ನೋಡುವುದು ಬೇರೆ. ಮೊದಲನೆಯದರಲ್ಲಿ ನಾಲಿಗೆ ಎಷ್ಟು ನಂಬಿಗಸ್ತ ಎಂಬುದು ಮಾತ್ರ ತಿಳಿಯುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಒಂದೇ ಬ್ಯಾಚಿನ ಮಾದರಿಯನ್ನು ಮೂರು ಸಲ ಯಂತ್ರಕ್ಕೆ ಕೊಟ್ಟು ಮೂರು ಪ್ರಯೋಗ ಎಂದು ಬರೆಯುತ್ತಾರೆ. ಬ್ಯಾಚಿನಿಂದ ಬ್ಯಾಚಿಗೆ ತಾನಾಗಿಯೇ ಆಗುವ ಏರಿಳಿತ ಎಷ್ಟೆಂದು ಗೊತ್ತಿದ್ದರೆ ಮಾತ್ರ 8 ಅಂಶದ ಲಾಭ ನಿಜವೋ ಆಕಸ್ಮಿಕವೋ ಎಂದು ಹೇಳಬಹುದು. ಸ್ಟ್ಯಾಟಿಸ್ಟಿಕ್ಸ್ ಎಂಬ ಹೆಸರು ಇಲ್ಲಿ ಬರುವುದು ಅದಕ್ಕೇ.

ಮಂಜಿನಲ್ಲಿ ಗುಡ್ಡ ಹತ್ತುವುದು

ಮೂಲೆಗಳನ್ನು ನೋಡಿದ್ದಾಯಿತು. ನಡುವೆ ಏನಿದೆ? ಚೌಕದ ಮಧ್ಯದಲ್ಲಿ, 150 ಡಿಗ್ರಿ 2 ಗಂಟೆಗೆ, ಮೂರು ಬೇರೆ ಬೇರೆ ರನ್ ಮಾಡಿದಾಗ 77, 78, 79 ಬಂತು ಎನ್ನೋಣ. ಎರಡು ವಿಷಯ ತಿಳಿಯಿತು. ಬ್ಯಾಚಿನ ಏರಿಳಿತ ಒಂದಂಶದ ಆಸುಪಾಸು, ಹಾಗಾಗಿ ನಮ್ಮ 8 ಮತ್ತು 12 ಆಕಸ್ಮಿಕವಲ್ಲ. ಜೊತೆಗೆ, ಮೂಲೆಗಳ ಸರಾಸರಿ 70, ನಡುವಿನದು 78. ನೆಲ ಸಪಾಟಾಗಿದ್ದಿದ್ದರೆ ಎರಡೂ ಒಂದೇ ಆಗಬೇಕಿತ್ತು. ನಡುವೆ ಉಬ್ಬಿದೆ.

ಈ ಉಬ್ಬಿನ ಆಕಾರ ಹಿಡಿಯುವ ವಿಧಾನಕ್ಕೆ ರೆಸ್ಪಾನ್ಸ್ ಸರ್ಫೇಸ್ ಎನ್ನುತ್ತಾರೆ. 1951ರಲ್ಲಿ ಇದನ್ನು ಮುಂದಿಟ್ಟ ಬಾಕ್ಸ್ ಮತ್ತು ವಿಲ್ಸನ್ ಇಬ್ಬರೂ ಇಂಗ್ಲೆಂಡಿನ ಐಸಿಐ ರಾಸಾಯನಿಕ ಕಂಪನಿಯವರು. ಪೊಸಡಿ ಗುಂಪೆಯನ್ನು ದಟ್ಟ ಮಂಜಿನಲ್ಲಿ ಹತ್ತುವುದನ್ನು ಕಲ್ಪಿಸಿಕೊಳ್ಳಿ. ತುದಿ ಕಾಣುವುದಿಲ್ಲ. ಆದರೆ ನಿಂತಲ್ಲಿಯೇ ನಾಲ್ಕು ಕಡೆ ಕಾಲಿಟ್ಟು ನೋಡಿದರೆ ಏರು ಯಾವ ಕಡೆಗೆ ಎಂದು ತಿಳಿಯುತ್ತದೆ. ಆ ಕಡೆ ಸ್ವಲ್ಪ ನಡೆದು ಮತ್ತೆ ನಾಲ್ಕು ಕಡೆ ಕಾಲಿಡಬೇಕು. ಯಾವ ಕಡೆಗೂ ಏರು ಸಿಗದಾದಾಗ ತುದಿಯ ಹತ್ತಿರ ಬಂದಿದ್ದೇವೆ. ಅಲ್ಲಿ ಇನ್ನಷ್ಟು ಬಿಂದುಗಳಲ್ಲಿ ರನ್ ಮಾಡಿ ತುದಿಯ ನಕ್ಷೆ ಬರೆಯಬೇಕು. ಮೊದಲ ಸುತ್ತಿಗೇ ದುಡ್ಡು, ಸಮಯವನ್ನೆಲ್ಲ ಸುರಿಯಬಾರದು ಎನ್ನುವುದು ಇದಕ್ಕಾಗಿ. ಕಾಲುಭಾಗ ಸಾಕು, ಉಳಿದದ್ದು ಮುಂದಿನ ಸುತ್ತುಗಳಿಗೆ ಇರಲಿ.

ಔಷಧ ಕಂಪನಿಗಳು ಯಾಕೆ ಕೇಳುತ್ತವೆ?

ಔಷಧ ನಿಯಂತ್ರಕರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಐಸಿಎಚ್ ಕ್ಯೂ8 ಎಂಬ ಮಾರ್ಗಸೂಚಿ ಇದೆ. 2005ರಲ್ಲಿ ಬಂದು 2009ರಲ್ಲಿ ಪರಿಷ್ಕಾರವಾಯಿತು. ಅದರಲ್ಲಿ ಡಿಸೈನ್ ಸ್ಪೇಸ್ ಎಂಬ ಮಾತು ಬರುತ್ತದೆ. ಬಿಸಿ, ಸಮಯ, ಪ್ರಮಾಣ ಮುಂತಾದವು ಯಾವ ಎಲ್ಲೆಯೊಳಗೆ ಹೇಗೆ ಕೂಡಿ ಬದಲಾದರೂ ಔಷಧದ ಗುಣಮಟ್ಟ ಕೆಡುವುದಿಲ್ಲ ಎಂದು ತೋರಿಸಿಕೊಟ್ಟ ಪ್ರದೇಶ ಅದು. ಅನುಮತಿ ಸಿಕ್ಕಿದ ಮೇಲೆ ಆ ಎಲ್ಲೆಯೊಳಗೆ ಓಡಾಡುವುದನ್ನು ಬದಲಾವಣೆ ಎಂದು ಪರಿಗಣಿಸುವುದಿಲ್ಲ. "ಕೂಡಿ" ಎಂಬ ಮಾತು ಗಮನಿಸಿ: ಇಂಟರಾಕ್ಷನ್ ತಿಳಿಯದೆ ಅಂಥ ಎಲ್ಲೆಯನ್ನು ಗುರುತಿಸಲಾಗದು. ಇಂಟರ್‌ವ್ಯೂನ ಪ್ರಶ್ನೆ ಬರುವುದು ಇಲ್ಲಿಂದ.

ಕಲಿಯಲು ಎಲ್ಲಿಂದ ತೊಡಗಬೇಕು?

ಸಾಫ್ಟ್‌ವೇರಿನಿಂದ ಬೇಡ ಎಂಬುದು ನನ್ನ ಅನುಭವ. ಮಿನಿಟ್ಯಾಬ್, ಜಂಪ್, ಡಿಸೈನ್ ಎಕ್ಸ್‌ಪರ್ಟ್ ಇವೆ, ದುಡ್ಡಿಲ್ಲದೆ ಸಿಗುವ ಆರ್ ಇದೆ. ಎಲ್ಲವೂ ಬಣ್ಣಬಣ್ಣದ ನಕ್ಷೆ ಕೊಡುತ್ತವೆ. ಮೇಲಿನ ನಾಲ್ಕು ಮೂಲೆಗಳ ಲೆಕ್ಕವನ್ನು ಕೈಯಲ್ಲಿ ಮಾಡಿದವರಿಗೆ ಮಾತ್ರ ಆ ನಕ್ಷೆ ಏನು ಹೇಳುತ್ತದೆ ಎಂದು ತಿಳಿಯುತ್ತದೆ.

ಲೆವೆಲ್ ಆರಿಸುವುದು ಕೆಮಿಸ್ಟ್ರಿಯ ಕೆಲಸ, ಗಣಿತದ್ದಲ್ಲ. ತೀರ ಹತ್ತಿರ ಇಟ್ಟರೆ ವ್ಯತ್ಯಾಸ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ತೀರ ದೂರ ಇಟ್ಟರೆ ರಿಯಾಕ್ಷನ್ನೇ ಬೇರೆಯಾದೀತು. ಎಲ್ಲವೂ ಹೆಚ್ಚಿರುವ ಮೂಲೆಯನ್ನಂತೂ ಮಾಡುವ ಮೊದಲು ಹಿರಿಯರೊಬ್ಬರಿಗೆ ತೋರಿಸಿಯೇ ಮಾಡಬೇಕು. ಹೆಚ್ಚು ಬಿಸಿ, ಹೆಚ್ಚು ಪ್ರಮಾಣ, ಬೇಗ ಸುರಿಯುವುದು ಮೂರೂ ಸೇರಿದಲ್ಲಿ ರಿಯಾಕ್ಷನ್ ಕೈಮೀರಿ ಕಾಯಬಹುದು. ಕೋಷ್ಟಕಕ್ಕೆ ಅಪಾಯದ ಅರಿವಿಲ್ಲ.

ತಂಗಿಯ ಮಗಳಿಗೆ ಮೊಸರಿನಲ್ಲಿ ತೊಡಗಲು ಹೇಳಿದೆ. ಮೂರು ಫ್ಯಾಕ್ಟರ್: ಹಾಲು ಉಗುರುಬೆಚ್ಚಗೋ ತಣಿದದ್ದೋ, ಹೆಪ್ಪು ಅರ್ಧ ಚಮಚವೋ ಎರಡೋ, ಪಾತ್ರೆ ಸ್ಟೀಲಿನದೋ ಮಣ್ಣಿನದೋ. ಎಂಟು ರನ್. ಅಳೆಯುವುದೇನು ಎಂದು ಅವಳಿಗೆ ಮೊದಲು ತೋಚಲಿಲ್ಲ. ಎಂಟು ಗಂಟೆಯ ಬಳಿಕ ಪಾತ್ರೆಯನ್ನು ಓರೆ ಮಾಡಿ, ಬಸಿದು ಬಂದ ನೀರನ್ನು ಮದ್ದಿನ ಬಾಟಲಿಯ ಅಳತೆ ಮುಚ್ಚಳದಲ್ಲಿ ಅಳೆಯುವುದೆಂದು ಆಮೇಲೆ ಅವಳೇ ಗೊತ್ತುಮಾಡಿದಳು. ಎಂಟನ್ನೂ ಒಂದೇ ರಾತ್ರಿ ಇಡಲು ಪಾತ್ರೆ ಸಾಲದ್ದರಿಂದ ಎರಡು ರಾತ್ರಿಗೆ ನಾಲ್ಕು ನಾಲ್ಕು.

"ಎರಡು ದಿನದ ಹಾಲು ಬೇರೆ ಬೇರೆ ಅಲ್ವ ಮಾವ, ಅದು ಬ್ಲಾಕ್ ಆಯಿತಲ್ಲ?" ಎಂದು ಕೇಳಿದಳು. ಹೌದೆಂದೆ. ಹಾಗಾದರೆ ಯಾವ ನಾಲ್ಕು ಯಾವ ರಾತ್ರಿ ಎಂಬುದಕ್ಕೂ ಲೆಕ್ಕ ಬೇಕಲ್ಲ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ಲಸ್ಸು ಮೈನಸ್ಸು ಬರೆಯುತ್ತಾ ಜಗಲಿಯಲ್ಲಿ ಕೂತಳು. ಡ್ರಮ್ಮಿನಲ್ಲಿ ಅದ್ದಿ ತೆಗೆದ ಬ್ಲೇಡಿನ ಮೇಲೆ ಕೆಂಪು ಇರಲಿಲ್ಲ, ಮದ್ದು ಬಿಡುವವರು ಪಂಪ್ ಚಾಲೂ ಮಾಡಿದರು.